ಗಢಿಯ ಹಿಂದಿನ ಮೋರಿ

ಉಮರಗಾ
೧೮ ಸೆಪ್ಟೆಂಬರ್ ೨೦೨೫

ಪ್ರೀತಿಯ ದಾನೇಶ್ವರಿ,

ಕಾಲಿನ ಬೊಕ್ಕೆಗಳು ವಾಸಿಯಾದವೇ? ಓಡುವ ಮೊದಲು ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚು. ಸೈನ್ಯದ ಮುಲಾಮಿಗಿಂತ ನನಗೆ ಅದರ ಮೇಲೇ ನಂಬಿಕೆ. ನಾವೆಲ್ಲ ಆರಾಮ. ತರಬೇತಿಯಲ್ಲಿ ನಿನಗೆ ಫೋನು ಕೊಡುವುದಿಲ್ಲವಾದ್ದರಿಂದ ಈ ವಯಸ್ಸಿನಲ್ಲಿ ಕನ್ನಡ ಬರೆಯಲು ಕೂತಿದ್ದೇನೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಅಕ್ಷರ, ನಗಬೇಡ.

ನೀನು ಮರಾಠಿಯವಳೋ ಕನ್ನಡದವಳೋ ಎಂದು ಜೊತೆಯವರು ಕೇಳುತ್ತಾರೆ, ಏನು ಹೇಳಲಿ ಎಂದು ಬರೆದಿದ್ದೆ. ಹದಿನೈದು ದಿನ ಯೋಚಿಸಿದೆ, ಉತ್ತರ ಹೊಳೆಯಲಿಲ್ಲ. ನಿನ್ನೆ ಮರಾಠವಾಡಾ ಮುಕ್ತಿ ದಿನ. ನಿನ್ನಪ್ಪನ ಅಜ್ಜಿ, ನಮ್ಮ ಮಲಕಮ್ಮ ಆಯಿ, ಎಂದೂ ಏನನ್ನೂ ಕೇಳದವಳು, ನಿಲಂಗಾ ದಾರಿಯಲ್ಲಿರುವ ತನ್ನ ತವರೂರಿನ ಗಢಿಗೆ ಕರೆದುಕೊಂಡು ಹೋಗು ಎಂದಳು. ಹಳೆಯ ಕೋಟೆಮನೆ ಅದು. ಈಗ ದುರಸ್ತಿ ಮಾಡಿ, ಗೋಡೆಯ ಗುಂಡಿನ ತೂತುಗಳಿಗೆ ಗಾಜು ಹಾಕಿ ಕಾಪಾಡಿದ್ದಾರೆ. ನಿಜಾಮನ ಆಡಳಿತದ ಕೊನೆಯ ದಿನಗಳಲ್ಲಿ ಹನ್ನೊಂದು ಮಂದಿ ಹೋರಾಟಗಾರರು ನಿಜಾಮನ ಪಡೆಯ ಮುತ್ತಿಗೆಯಲ್ಲಿ ಅದರೊಳಗೆ ಆರು ದಿನ ಸಿಕ್ಕಿಬಿದ್ದಿದ್ದರಂತೆ. ಹಿಂದಿನ ಗೋಡೆಯ ಮೋರಿಯಿಂದ ಯಾರೋ ದಿನಾ ರೊಟ್ಟಿ ದಾಟಿಸಿದರು, ಯಾರೆಂದು ಇಂದಿಗೂ ತಿಳಿಯದು ಎಂದು ಊರಿನ ಶೈಲೇಶ ಮಾಸ್ತರರು ಮರಾಠಿಯಲ್ಲಿ ವಿವರಿಸಿದರು. ಹೆಸರುಗಳ ಹಲಗೆಯ ಕೊನೆಯ ಸಾಲು ‘ಅಜ್ಞಾತ’.

ತಿರುಗಿ ನೋಡಿದರೆ ಆಯಿ ಇಲ್ಲ. ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಮೋರಿಯೊಳಗೆ ಮೊಳಕೈತನಕ ಕೈ ಹಾಕಿದ್ದಳು. ‘ಆವಾಗ ಹೆಗಲತನಕ ಹೋಗ್ತಿತ್ತು’ ಎಂದಳು. ಆಗ ಅವಳು ಕುರಿ ಕಾಯುವ ಹನ್ನೆರಡು ವರ್ಷದ ಹುಡುಗಿ! ನೀನೇನಾ ಎಂದೆ. ‘ಯಾರೋ ಏನೋ, ನನಗೇನ ಗೊತ್ತು? ಕೊಟ್ಟಾಕಿ ಒಂದಿನ ಝುಣಕಕ್ಕ ಉಪ್ಪು ಹಾಕೂದು ಮರ್ತಿದ್ಳು. ಒಳಗಿನವರು ಮರಾಠ್ಯಾಗ ಗೊಣಗಿದ್ರು, ಆಕಿ ಕನ್ನಡದಾಗ ಬೈದ್ಳು: ಸುಮ್ಮ ತಿನ್ರೋ ಭಾಡ್ಯಾಗೋಳ್ರಾ, ಸಪ್ಪಳ ಆಗ್ತದ!’ ಹೆಸರು ಬರೆಸೋಣ ಎಂದರೆ ತುಟಿಗೆ ಬೆರಳಿಟ್ಟಳು. ‘ಅಪ್ಪ ಬೀರಪ್ಪನ ಭಂಡಾರ ಮುಟ್ಟಿಸ್ಯಾನ. ನಾ ಕೊಟ್ಟೆ ಅಂತ ಹೇಳಂಗಿಲ್ಲ.’ ದೇವರ ಅರಿಶಿನ ಮುಟ್ಟಿ ಎಪ್ಪತ್ತೇಳು ವರ್ಷ! ಅವಳ ಅಪ್ಪನೂ ಇಲ್ಲ, ನಿಜಾಮನೂ ಇಲ್ಲ, ಆಣೆ ಮಾತ್ರ ಇದೆ.

ನಾನು ಓದಿದ ಪಾಠದಲ್ಲಿ ಸ್ವಾತಂತ್ರ್ಯ ಆಗಸ್ಟ್ ಹದಿನೈದಕ್ಕೇ ಬಂದು ಮುಗಿದಿತ್ತು. ಈ ನೆಲಕ್ಕೆ ಬರಲು ಅದು ಮತ್ತೆ ಹದಿಮೂರು ತಿಂಗಳು ತೆಗೆದುಕೊಂಡಿತೆಂದು ಮದುವೆಯಾಗಿ ಬಂದ ಮೇಲೆ ತಿಳಿಯಿತು. ತಂದವರಲ್ಲಿ ಒಬ್ಬಳು ನಮ್ಮ ಅಡುಗೆಮನೆಯಲ್ಲೇ ಇದ್ದಾಳೆಂದು ನಿನ್ನೆ. ಅಲ್ಲಿ ಏರಿಸಿದ್ದ ಧ್ವಜದ ಮುಂದೆ ನಿಂತಾಗ ಹೆಮ್ಮೆಯಾಯಿತು, ತುಸು ನಾಚಿಕೆಯೂ ಆಯಿತು. ಇಪ್ಪತ್ತಮೂರು ವರ್ಷ ಅವಳ ಕೈಯಡುಗೆ ಉಂಡೂ ನಾನು ಒಂದು ಮಾತು ಕೇಳಿರಲಿಲ್ಲ. ಇನ್ನು ಯಾರಾದರೂ ಕೇಳಿದರೆ, ಉಂಡವರು ಮರಾಠಿಯವರು, ಬೈದವಳು ಕನ್ನಡದವಳು, ನಾನು ಆ ರೊಟ್ಟಿಯ ಮನೆಯವಳು ಎನ್ನು.

ಬೀರಪ್ಪ ನಿನ್ನ ಕಾಲಿಗೂ ಎದೆಗೂ ಬಲ ಕೊಡಲಿ.

ನಿನ್ನ ಅವ್ವ,
ಮನಿಷಾ

ತಾ.ಕ.: ಲಕೋಟೆ ಅಂಟಿಸುವಾಗ ಆಯಿ ತಡೆದಳು. ಅವಳದೇ ರಕ್ತದ ಹೆಣ್ಣುಮಗಳೊಬ್ಬಳು ಬೀರಪ್ಪನ ಗುಡಿಯಲ್ಲಿ ಅವಳ ಹಣೆಗೆ ಭಂಡಾರ ಹಚ್ಚಿದರೆ ಆಣೆ ಇಳಿಯುತ್ತದಂತೆ. ಸೊಸೆ ನಾನು ಸಲ್ಲುವುದಿಲ್ಲ. ‘ದಾನಿ ಬರ್ಲಿ. ಮಿಲಿಟ್ರಿ ವರ್ದಿ ಹಾಕ್ಕೊಂಡ ಬರ್ಲಿ.’ ದೀಪಾವಳಿಗೇ ರಜೆ ಕೇಳು, ಅವಳಿಗೆ ಎಂಬತ್ತೊಂಬತ್ತು. ಆಮೇಲೆ ಹಲಗೆಯ ಮೇಲೆ ಹೆಸರು ಬರೆಸಲು ಒಪ್ಪಿದ್ದಾಳೆ. ಉಪ್ಪಿನ ಸಂಗತಿ ಮಾತ್ರ ಬರೆಸಬಾರದಂತೆ.