ಮಾಚವ್ವೆಗೆ ಕಟ್ಟಿದ ಬುತ್ತಿ

ಪಾಳು ಮಠದ ನನ್ನಕ್ಕ ಮಾಚವ್ವೆಗೆ,

ಶಾಸನದ ಕಲ್ಲಿಗೆ ಕಾಗದ ಬರೆಯುತ್ತಾಳೆಂದು ಊರು ನಗಬಹುದು. ನಗಲಿ ಬಿಡು. ನಾಳೆ ನಿನ್ನನ್ನು ಕೊಪ್ಪಳದ ಮ್ಯೂಸಿಯಮ್ಮಿಗೆ ಒಯ್ಯುತ್ತಾರಂತೆ. ನಿನ್ನನ್ನು ಕೇಳಿದರೇನು? ನನ್ನನ್ನಂತೂ ಯಾರೂ ಕೇಳಲಿಲ್ಲ.

ನಾನು ಸೊಸೆಯಾಗಿ ಬಂದಾಗ ನೀನು ಕಲ್ಲವ್ವನಾಗಿದ್ದೆ. ಎಣ್ಣೆ ಸುರಿದು, ಕುಂಕುಮ ಬಳಿದು, ಊರೆಲ್ಲ ನಿನ್ನನ್ನು ದೇವಿಯೆಂದೇ ನಂಬಿತ್ತು. ಪ್ರತಿ ಒಲೆಯ ಮೊದಲ ರೊಟ್ಟಿ ನಿನಗೆ. "ಆಕೀಗಿ ಇಡದ ಬಾಯಾಗ ಹಾಕ್ಕೊಂಡ್ರ ಹೊಟ್ಟಿ ನೋಯತೈತಿ ನೋಡವ್ವ" ಎಂದು ಅತ್ತೆ ಹುಲಿಗವ್ವ ಹೆದರಿಸಿದ್ದಳು.

ಹೋದ ವರ್ಷ ಕಾಲೇಜಿನ ಭವಾನಿ ಮೇಡಂ ಬಂದು, ಜಿಡ್ಡು ತೊಳೆದು, ನಿನ್ನನ್ನು ಓದಿದರು. ನೀನು ದೇವಿಯಲ್ಲವಂತೆ. ಎಂಟೊಂಬತ್ತುನೂರು ವರ್ಷದ ಹಿಂದಿನ ಮಾಚವ್ವೆಯೆಂಬ ಹೆಣ್ಣುಮಗಳಂತೆ, ಗಂಡ ಸತ್ತವಳು, ಮಕ್ಕಳಿಲ್ಲದವಳು. ಆಗ ಈ ಮಠದಲ್ಲಿ ಬೂದಿ ಬಳಿದ ತಪಸ್ವಿಗಳಿದ್ದರು, ಹುಡುಗರಿಗೆ ಓದು ಹೇಳುತ್ತಿದ್ದರು, ರೋಗಿಗಳಿಗೆ ಮದ್ದು ಅರೆಯುತ್ತಿದ್ದರು. ಹಸಿದು ಬಂದವರು ಯಾರೇ ಇರಲಿ ಉಂಡು ಹೋಗಲೆಂದು ನೀನು ಅವರ ಅಡುಗೆಮನೆಗೆ ನಿನ್ನ ಎರೆಹೊಲ ಬಿಟ್ಟುಕೊಟ್ಟೆ. ಆಮೇಲೆ ದಂಡು ಬಂತೋ, ಬರ ಬಂತೋ, ಯಾರಿಗೂ ತಿಳಿಯದು. ಒಲೆ ಆರಿತು, ಮಾಳಿಗೆ ಕುಸಿಯಿತು, ತಪಸ್ವಿಗಳಿದ್ದಲ್ಲಿ ಕುರಿ ಮಲಗಿದವು.

"ದೇವೀನ ಅಲ್ಲಂದ್ರ ಮತ್ಯಾಕ ರೊಟ್ಟಿ?" ಎಂದ, ನಿನಗೆ ದಿನಾ ಎಣ್ಣೆ ಹಚ್ಚುತ್ತಿದ್ದ ಪಕ್ಕೀರಪ್ಪ. ಒಬ್ಬೊಬ್ಬರಾಗಿ ಎಲ್ಲರೂ ಬರುವುದನ್ನು ಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ದೇವಿಗೆ ಹಸಿವಿಲ್ಲ, ಇಡದಿದ್ದರೂ ನಡೆದೀತು. ಊರಿಗೆಲ್ಲ ಉಣಿಸಿದವಳಿಗೆ ಒಂದು ರೊಟ್ಟಿ ಭಾರವಾಯಿತೇ?

ನಿಜ ಹೇಳುತ್ತೇನೆ, ಅವತ್ತೇ ನೀನು ನನ್ನವಳಾದೆ. ಗಂಡ ಮಾರೆಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಹೂಂ ಅನ್ನುವವರಿಲ್ಲ. ದಿನವೆಲ್ಲ ರೊಟ್ಟಿ ಬಡಿದು ಖಾನಾವಳಿಗೆ ಕಳಿಸುತ್ತೇನೆ. ನನ್ನ ರೊಟ್ಟಿ ಉಣ್ಣುವವರು ಎಷ್ಟೋ ಮಂದಿ, ನನ್ನ ಜೊತೆ ಕೂತು ಉಣ್ಣುವವರು ಯಾರೂ ಇಲ್ಲ. ಸಂಜೆ ನಿನಗೊಂದು ಇಟ್ಟು, ನಿನ್ನ ಮಗ್ಗುಲಲ್ಲಿ ಕೂತು ನಾನೊಂದು ತಿಂದರೆ ಅದು ಊಟ ಅನ್ನಿಸುತ್ತಿತ್ತು. ಒಬ್ಬಳೇ ಉಣ್ಣುವುದು ಭಾಳ ಕಷ್ಟ, ಅಕ್ಕ.

"ಅಲ್ಲಿ ಎಣ್ಣಿ, ರೊಟ್ಟಿ ಏನೂ ಇಡಂಗಿಲ್ಲಬೇ. ಮುಟ್ಟಾಕೂ ಬಿಡಂಗಿಲ್ಲ" ಎಂದಿದ್ದಾರೆ ಮೇಡಂ. ಅದಕ್ಕೇ ಬುತ್ತಿ ಕಟ್ಟಿದ್ದೇನೆ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಿನ್ನನ್ನು ಎತ್ತಲು ಬರುವ ಹಮಾಲರು ನಸುಕಿನಲ್ಲೇ ಮನೆ ಬಿಟ್ಟು ಹಸಿದು ಬರುತ್ತಾರೆ. ನಿನ್ನ ಮಠದ ಬಾಗಿಲಲ್ಲೇ ಅವರನ್ನು ಕೂರಿಸಿ ಬಡಿಸುತ್ತೇನೆ. ನೀನು ಕೊಟ್ಟ ಮಾತು ಇನ್ನೊಂದು ಹೊತ್ತು ನಡೆಯಲಿ. ಅವರ ಪಂಕ್ತಿಯಲ್ಲಿ ನಾನೂ ಕೂರುತ್ತೇನೆ. ನಾಡಿದ್ದು ಯಾರ ಜೊತೆ ಕೂರುತ್ತೇನೋ, ಗೊತ್ತಿಲ್ಲ.

ನೀನು ತಿರುಗಿ ಬರುವವಳಲ್ಲವೆಂದು ಗೊತ್ತಿದೆ. ಆದರೂ ಹೊರಟವರಿಗೆ ಹೋಗು ಎನ್ನಬಾರದು. ಹೋಗಿ ಬಾ ಅಕ್ಕ, ನೆರಳಲ್ಲಿ ತಣ್ಣಗಿರು.

ಇನ್ನೂ ಮೊದಲ ರೊಟ್ಟಿ ಎತ್ತಿಡುವ ನಿನ್ನ ತಂಗಿ,
ಶೇಖರಮ್ಮ