ಚಿತ್ತಮ್ಮನ ಬಾಯಿಂದ ಬಂದ ಮಾತು

ಹೊಳಲ್ಕೆರೆ
೧೧ ನವೆಂಬರ್ ೨೦೨೪

ಪ್ರೀತಿಯ ಪಲ್ಲವಿಗೆ,

ಆಶೀರ್ವಾದಗಳು ಎಂದು ಬರೆದು ಹೊಡೆದುಹಾಕಿದ್ದೇನೆ. ಅದಕ್ಕೆ ಯೋಗ್ಯತೆ ಬೇಕು. ಫೋನಿನಲ್ಲೇ ಹೇಳಿಬಿಡೋಣವೆಂದು ಮೂರು ಸಲ ನಂಬರ್ ಒತ್ತಿದೆ. ನೀನು "ಏನಕ್ಕಾ" ಅಂದ ಕೂಡಲೇ ಹಿರಿಯೂರಲ್ಲಿ ಮಳೆ ಬಂತಾ ಎಂದು ಕೇಳಿ ಇಟ್ಟೆ. ಓಣಿಯೆಲ್ಲ ನನ್ನ ಬಾಯಿಗೆ ಹೆದರುತ್ತದೆ. ನಿನ್ನ ಹತ್ತಿರ ಮಾತ್ರ ನಾಲಿಗೆ ಏಳಲಿಲ್ಲ.

ಜವನಗೊಂಡನಹಳ್ಳಿಯ ಚಿತ್ತಮ್ಮನ ಮೈಮೇಲೆ ಅವತ್ತು ನನ್ನ ತಮ್ಮ ಮಂಜುನಾಥ ಬಂದಿರಲಿಲ್ಲ. ಸತ್ತವರನ್ನು ಕರೆಸಿ ಮಾತಾಡಿಸುತ್ತಾಳೆ ಎಂದು ನಿನ್ನನ್ನು ಕರೆದೊಯ್ಯುವ ಎರಡು ದಿನ ಮೊದಲೇ ನಾನೊಬ್ಬಳೇ ಹೋಗಿ ಅವಳಿಗೆ ಎಲ್ಲ ಹೇಳಿಕೊಟ್ಟಿದ್ದೆ. ಅವನಿಗೆ ಒಗ್ಗರಣೆ ಮಂಡಕ್ಕಿ ಇಷ್ಟ ಎಂದೆ. ಯಾರೂ ಇಲ್ಲದಾಗ ನಿನ್ನನ್ನು ಯಜಮಾನ್ರೇ ಎಂದು ರೇಗಿಸುತ್ತಿದ್ದ ಎಂದೆ. ಅದನ್ನು ಅವನು ನನಗೊಬ್ಬಳಿಗೇ ನಾಚಿಕೊಂಡು ಹೇಳಿದ್ದ.

ಚಿತ್ತಮ್ಮ ತೂಗಾಡುತ್ತಾ, "ಯಜಮಾನ್ರೇ, ನನ್ನ ಜಾಗದಾಗೆ ಇನ್ನೊಬ್ಬನ್ನ ತರಬ್ಯಾಡ್ರಿ, ನಂಗೆ ನೆಮ್ದಿ ಇರಾದಿಲ್ಲ" ಅಂದಳು. ನೀನು ಅವಳ ಬಾಯಿಗೆ ಮಂಡಕ್ಕಿ ಇಟ್ಟು, "ಅಲ್ಲಿ ಹೊತ್ತೊತ್ತಿಗೆ ಉಣ್ತೀರಾ" ಎಂದು ಕೇಳಿದೆ. ನಾನು ಗೋಡೆಯ ಕಡೆ ತಿರುಗಿ ಕೂತೆ. ನಾನು ಅತ್ತೆನೆಂದುಕೊಂಡು, ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ನನ್ನ ಬೆನ್ನು ಸವರಿದೆ. ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಮಾರನೆಯ ದಿನವೇ ನೀನು, ನಿನ್ನನ್ನು ಮದುವೆಯಾಗುತ್ತೇನೆಂದು ಕೇಳಿದ್ದ ಗೋವರ್ಧನ ಮೇಷ್ಟ್ರಿಗೆ ಮದುವೆ ಬೇಡವೆಂದು ಹೇಳಿದೆ. ನನಗೆ ಬೇಕಿದ್ದುದು ಅದೇ. ನೀನು ಹೊಸ ಮನೆಗೆ ಹೋದರೆ ಹಾಸಿಗೆ ಹಿಡಿದ ಅಮ್ಮ ನನ್ನ ಪಾಲಿಗೆ ಬರುತ್ತಾಳೆ ಎಂದು ಹೆದರಿದ್ದೆ. ತಮ್ಮನ ಮೇಲಿನ ಪ್ರೀತಿಯಿಂದ ಹೀಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಹೆತ್ತ ಮಗಳು ನಾನು, ಅವಳ ಮೈ ಒರೆಸುವವಳು ನೀನು. ನಾಚಿಕೆಗೇಡು, ಪಲ್ಲವಿ.

ಭಾನುವಾರ ಬಂದು ಅಮ್ಮನನ್ನು ಇಲ್ಲಿಗೆ ಕರೆತರುತ್ತೇನೆ. ಗೋವರ್ಧನ ಹೊಸದುರ್ಗಕ್ಕೆ ವರ್ಗ ಕೇಳಿದ್ದಾನಂತೆ, ಆದೇಶ ಇನ್ನೂ ಬಂದಿಲ್ಲವಂತೆ. ಅಷ್ಟರೊಳಗೆ ಅವನ ಹತ್ತಿರ ಮಾತಾಡು. ನನ್ನನ್ನು ಬಾಯಿಗೆ ಬಂದಂತೆ ಬೈದುಬಿಡು, ಸುಮ್ಮನೆ ಮಾತ್ರ ಇರಬೇಡ.

ನಿನಗೆ ಮುಖ ತೋರಿಸಲಾರದ,
ಯಶೋದಾ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ದಿನ ಮಧ್ಯಾಹ್ನ ನೀನು ಮಾತ್ರೆ ತರಲು ಹೋಗಿದ್ದಾಗ, ಮಂಜುನಾಥ ನನ್ನ ಕೈ ಹಿಡಿದು, "ಅಕ್ಕಾ, ಅವ್ಳಿನ್ನೂ ಸಣ್ಣೋಳು. ಒಳ್ಳೇನು ಸಿಕ್ರೆ ನೀನೇ ಮುಂದೆ ನಿಂತು ಮದ್ವೆ ಮಾಡ್ಸು" ಅಂದಿದ್ದ. ಹ್ಞೂಂ ಅಂದಿದ್ದೆ.