ಹಳಿಯ ಕೆಳಗಿನ ಕೌದಿ

ಗೋಕಾಕ
೧೮ ನವೆಂಬರ್ ೧೯೫೮, ಮಂಗಳವಾರ

ಪ್ರೀತಿಯ ಯಮನವ್ವ ವೈನಿಯವರಿಗೆ ನಿಮ್ಮ ಮೈದುನ ಸಾತಪ್ಪನ ಶರಣು.

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಪತ್ರ ಬರೆಯುವಷ್ಟು ದೂರದಲ್ಲಿ ನಾನಿಲ್ಲ. ಬೆಳಗಾವಿಯಿಂದ ಗೋಕಾಕಕ್ಕೆ ಬಂದು ಒಂಬತ್ತು ದಿನವಾಯಿತು. ಇಲ್ಲಿ ಮುಂಜಾನೆ ಬಸ್ಸು ಹತ್ತಿದರೆ ನೀವು ರೊಟ್ಟಿ ಬಡಿದು ಮುಗಿಸುವುದರೊಳಗೆ ಮಸಗುಪ್ಪಿಯ ನಮ್ಮ ಮನೆಯಲ್ಲಿರುತ್ತೇನೆ. ದೀಪಾವಳಿಗೂ ಬರಲಿಲ್ಲ. ಅಣ್ಣ ಗೋಕಾಕ ಫಾಲ್ಸ್ ಮಿಲ್ಲಿನ ಪಾಳಿ ಮುಗಿಸಿ ಕರೆಯಲು ಬಂದರೆ, ಎಕ್ಸಿಬಿಷನ್ನಿನ ಕೆಲಸ ಐತಿ ಅಂದೆ. ಕೆಲಸ ಇದ್ದದ್ದು ಖರೆ. ಆದರೆ ಬರದಿದ್ದುದಕ್ಕೆ ಕಾರಣ ಅದಲ್ಲ.

ಇಲ್ಲಿನ ಸಾಲಿಯ ಹಾಲ್‌ನಲ್ಲಿ ಈ ರವಿವಾರ ನಮ್ಮ ಕಾಲೇಜಿನ ಸೈನ್ಸ್ ಎಕ್ಸಿಬಿಷನ್. ನಮ್ಮ ಫಿಜಿಕ್ಸ್ ಲೆಕ್ಚರರ್ ಭೀಮರಾಯರ ಹತ್ತಿರ ವಿಲಾಯತಿಯ ಸಣ್ಣ ರೈಲು ಇದೆ. ಎಂಜಿನ್ ನಿಮ್ಮ ಲಟ್ಟಣಿಗೆಗಿಂತ ಗಿಡ್ಡ, ಕರೆಂಟಿನಿಂದ ಓಡುತ್ತದೆ. ಬಾಗಿಲಿನಷ್ಟು ದೊಡ್ಡ ಎರಡು ಹಲಗೆ ಜೋಡಿಸಿ ಅದರ ಮೇಲೆ ಗೋಕಾಕ ರೋಡ್ ಸ್ಟೇಷನ್, ಘಟಪ್ರಭೆಯ ಸೇತುವೆ, ಎರಡೂ ತುದಿಗೆ ಒಂದೊಂದು ತಿರುವು ಮಾಡಿದ್ದೇವೆ. ಬರಿ ಹಲಗೆಯ ಮೇಲೆ ಹಳಿ ಇಟ್ಟು ಓಡಿಸಿದರೆ ಹಿಟ್ಟಿನ ಗಿರಣಿಯಷ್ಟು ಸಪ್ಪಳ. ಹಳಿಯ ಕೆಳಗೆ ಮೆತ್ತನೆಯ ಹಾಸು ಬೇಕು. ಇಂಗ್ಲೆಂಡಿನಲ್ಲಿ ಅದಕ್ಕೆ ಕಾರ್ಕ್ ಹಾಕುತ್ತಾರಂತೆ. ನಮ್ಮ ಕಾರ್ಕ್ ಮುಂಬಯಿಯಿಂದ ಬರಲೇ ಇಲ್ಲ. ಸರ್ ಎಲ್ಲರ ಮುಖ ನೋಡಿದರು. ನಿಮಗೆ ಗೊತ್ತು, ಸಾಲಿ ಕಲಿಯುವಾಗ ಏಳು ವರ್ಷ ಹಾಸ್ಟೆಲಿನಲ್ಲಿ ಬೆಳೆದರೂ ಎರಡನೇ ಸಲ ಸಾರು ಕೇಳಲು ಬಾಯಿ ಬಾರದವನು ನಾನು. ಅವತ್ತು ಎದ್ದು ನಿಂತು, "ಸರ್, ಐ ವಿಲ್ ಅರೇಂಜ್" ಅಂದುಬಿಟ್ಟೆ.

ಅರೇಂಜ್ ಮಾಡಿದ್ದು ನಿಮ್ಮ ಕೌದಿಯಿಂದ.

ಬೈಯುವ ಮೊದಲು ಪೂರ್ತಿ ಓದಿ. ಜೂನಿನಲ್ಲಿ ಕಾಲೇಜಿಗೆ ಹೊರಟಾಗ ಹಳೆಯ ಸೀರೆಗಳನ್ನು ಪದರು ಪದರಾಗಿ ಸೇರಿಸಿ ನೀವು ಹೊಲಿದು ಕೊಟ್ಟ ಕೌದಿಯೇ. ಹೊದ್ದು ಬೆಚ್ಚಗೆ ಮಲಗುತ್ತೇನೆ ಎಂದು ಪ್ರತಿ ಪತ್ರದಲ್ಲಿ ಬರೆದೆನಲ್ಲ, ಅದು ಸುಳ್ಳು. ಮೊದಲ ದಿನವೇ ರೂಮಿನವನೊಬ್ಬ, "ಏನ್ರೀ ಮಿಸ್ಟರ್ ಸಾತಪ್ಪ, ಎತ್ತಿಗೆ ಹೊದಿಸೋ ಝೂಲಾ ತಂದೀರಿ, ಎತ್ತು ಎಲ್ಲಿ ಕಟ್ಟೀರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ನಕ್ಕದ್ದಕ್ಕಿಂತ ನಾನು ನಕ್ಕದ್ದೇ ಈಗ ಚುಚ್ಚುತ್ತದೆ. ಅಂದಿನಿಂದ ಕೌದಿ ಟ್ರಂಕಿನ ತಳದಲ್ಲಿತ್ತು. ಈಗ ಅದರ ಕಾಲ ಕಡೆಯ ಒಂದು ಮೂಲೆ ಕತ್ತರಿಸಿದ್ದೇನೆ.

ಕೆಲಸ ಹೀಗೆ. ಹಲಗೆಯ ಮೇಲೆ ಪೆನ್ಸಿಲಿನಿಂದ ಹಳಿಯ ನಡುಗೆರೆ ಎಳೆಯಬೇಕು. ಇಲ್ಲಿ ಗೊಂಬೆ ಮಾಡುವವರು ಬಳಸುವ ಹುಣಸೆಬೀಜದ ಅಂಟು ಸವರಿ, ಮೂರು ಬೆರಳು ಅಗಲದ ಪಟ್ಟಿ ಕೂರಿಸಿ, ಅಂಟು ಒಣಗುವತನಕ ಸಣ್ಣ ಮೊಳೆ ಹೊಡೆದಿರಬೇಕು. ಒಣಗಿದ ಮೇಲೆ ಮೊಳೆ ಕೀಳಬೇಕು, ಇಲ್ಲದಿದ್ದರೆ ಸಪ್ಪಳ ಮೊಳೆ ಹಿಡಿದು ಹಲಗೆಗೆ ಇಳಿಯುತ್ತದೆ. ನೇರ ದಾರಿ ಮುಗಿಸಿ ರೈಲು ಬಿಟ್ಟೆವು. ವೈನಿ, ಸೇತುವೆ ದಾಟಿದ್ದು ಕೇಳಿಸಲೇ ಇಲ್ಲ. ಸರ್ ಹಲಗೆಗೆ ಕಿವಿ ಹಚ್ಚಿ ಕೂತರು. ಆಮೇಲೆ ಪಟ್ಟಿಯ ಅಂಚು ನೋಡಿ, ಇಷ್ಟು ಒತ್ತಾದ ಹೊಲಿಗೆ ಯಾರದು ಎಂದು ಕೇಳಿದರು. ಬಜಾರದಾಗ ಒಂದು ಅಂಗಡಿ ಐತ್ರಿ ಸರ್, ಅಂದೆ. ಯಾಕೆ ಹಾಗಂದೆನೋ.

ತಿರುವಿನಲ್ಲಿ ಸಿಕ್ಕಿಬಿದ್ದೆ. ನೇರ ಪಟ್ಟಿಯನ್ನು ಬಗ್ಗಿಸಿದರೆ ಒಳ ಅಂಚು ನಿರಿಗೆಗಟ್ಟುತ್ತದೆ, ಹೊರ ಅಂಚು ಬಿಗಿದು ಮೇಲೇಳುತ್ತದೆ. ಎಂಜಿನ್ ನಿರಿಗೆ ಏರಿ ಮೂರು ಸಲ ಪಲ್ಟಿ ಹೊಡೆದು ಹಲಗೆಯ ಮೇಲಿನ ಹೊಳೆಗೆ ಬಿತ್ತು. ನಿಮ್ಮ ತವರು ಬೆಲ್ಲದ ಬಾಗೇವಾಡಿಯ ಲಕ್ಕಪ್ಪ ನನ್ನ ಕ್ಲಾಸಿನವನು. "ಸಾತ್ಯಾ, ನಿನ್ನ ರೈಲಿಗೆ ಮೊದಲ ಈಸಾಕ ಕಲಿಸಬೇಕಿತ್ತಲೇ" ಎಂದು ಕಾಡಿಸುತ್ತಾನೆ. ನಿನ್ನೆ ನನಗೊಂದು ನೆನಪಾಯಿತು. ಕೂಸಿನ ಕುಂಚಿಗೆ ಹೊಲಿಯುವಾಗ ತಲೆಯ ದುಂಡಿಗೆ ಬರುವ ಬಟ್ಟೆಯನ್ನು ನೀವು ಓರೆಯಾಗಿ ಕತ್ತರಿಸಿದ್ದಿರಿ. ಬಟ್ಟಿ ಹಾಳಾಕ್ಕೈತಿ ಎಂದು ನಾನಂದರೆ, "ನೆಟ್ಟಗ ಕತ್ತರಿಸಿದ್ದು ಹಟಾ ಮಾಡತೈತಿ. ಓರೆ ಕತ್ತರಿಸಿದ್ದು ಹೇಳಿದಂಗ ಕೇಳತೈತಿ, ನಿಮ್ಮಣ್ಣನಂಗಲ್ಲ" ಅಂದಿದ್ದಿರಿ. ಗೇಣುದ್ದ ಓರೆ ಕತ್ತರಿಸಿ ನೋಡಿದೆ. ತಿರುವಿನ ಮೇಲೆ ಒಂದೂ ನಿರಿಗೆಯಿಲ್ಲದೆ ಮಲಗಿತು, ಎಂಜಿನ್ ಅಷ್ಟು ದೂರ ನೆಟ್ಟಗೆ ಹೋಯಿತು. ಆದರೆ ಓರೆ ಕತ್ತರಿಸಿದರೆ ನಿಮ್ಮ ಹೊಲಿಗೆಯ ಸಾಲೆಲ್ಲ ತುಂಡಾಗಿ ಪದರು ಬಿಚ್ಚಿಕೊಳ್ಳುತ್ತವೆ. ಮತ್ತೆ ಒತ್ತಾಗಿ ಹೊಲಿಯಬೇಕು. ನಾನು ಹೊಲಿದದ್ದು ಕೆಸರಿನಲ್ಲಿ ಕಾಗೆ ನಡೆದಂತಿದೆ, ಗಂಟಿನ ಮೇಲೆ ಹಳಿ ಕುಣಿಯುತ್ತದೆ.

ಇಂದು ಮುಂಜಾನೆ ಸರ್, ಆ ಅಂಗಡಿಯವರ ಕಡೆಯಿಂದಲೇ ಹೊಲಿಸಿಕೊಂಡು ಬಾ, ಶುಕ್ರವಾರದೊಳಗೆ ತಿರುವು ಆಗದಿದ್ದರೆ ರೈಲನ್ನು ನಿಲ್ಲಿಸಿಯೇ ತೋರಿಸೋಣ ಅಂದರು. ಹುಕ್ಕೇರಿ, ಮೂಡಲಗಿ ಕಡೆಯಿಂದೆಲ್ಲ ಸಾಲಿಯ ಮಕ್ಕಳು ರೈಲು ಓಡುವುದನ್ನು ನೋಡಲು ಬರುತ್ತಾರೆ. ಅವರೆದುರು ನಿಂತ ರೈಲು, ಅದೂ ನನ್ನ ಮಾತು ನಂಬಿದ್ದರಿಂದ. ನಾನು ಗೋಡೆ ನೋಡುತ್ತ, ಅಂಗಡಿ ಇಲ್ರಿ ಸರ್, ನಮ್ಮ ವೈನಿ ಹೊಲಿದದ್ದು ಅಂದೆ. ಅವರು ಬೈಯಲಿಲ್ಲ. "ಹಂಗಾದ್ರ ಇನ್ನೂ ಇಲ್ಲೇ ಯಾಕ ನಿಂತೀಪಾ?" ಅಂದರು.

ಓಡಿ ಬಂದು ಎದುರಿಗೇ ಹೇಳಬೇಕಿತ್ತು. ಕೌದಿ ಎಲ್ಲೈತಿ ಅಂತ ನೀವು ಮೊದಲ ಮಾತಿಗೇ ಕೇಳುತ್ತೀರಿ ಎಂದು ಧೈರ್ಯ ಬರಲಿಲ್ಲ.

ಎರಡು ದಿನದ ಮಟ್ಟಿಗೆ ಬನ್ನಿ. ಸರ್ ಅವರ ತಾಯಿ ಹಣಮವ್ವ ಇದೇ ಊರಲ್ಲಿದ್ದಾರೆ. ತಮ್ಮ ಮನೆಯಲ್ಲೇ ಇಳಿಯಬೇಕೆಂದು ಹೇಳಿ ಕಳಿಸಿದ್ದಾರೆ. ಹುಡುಗರ ಮುಂದೆ ಕೂತು ಹೊಲಿಯಲು ಸಂಕೋಚವಾದರೆ ಹಾಲ್‌ನ ಹಿಂದೆ ಕೋಣೆಯಿದೆ. ಆದರೆ ನೀವು ಹಲಗೆಯ ಬಾಜೂ ಕೂತೇ ಹೊಲಿಯಬೇಕೆಂದು ನನ್ನಾಸೆ. ಯಾರು ಕೇಳಿದರೂ, ಇವರು ನಮ್ಮ ವೈನಿ ಎಂದು ಈಗ ಹೇಳಬಲ್ಲೆ.

ನಿಮ್ಮ
ಸಾತು

ತಾ. ಕ.: ಒಂದು ಮೂಲೆ ಮಾತ್ರ ಎಂದು ಮೇಲೆ ಬರೆದದ್ದು ನಿಜವಲ್ಲ. ಕೌದಿ ಹಸಿದಿರಬಾರದೆಂದು ಕೊನೆಯ ಹೊಲಿಗೆ ಹಾಕುವ ಮೊದಲು ನೀವು ತಲೆ ಕಡೆಯ ಮೂಲೆಯಲ್ಲಿ ಇಟ್ಟಿದ್ದ ಹೋಳಿಗೆಯ ಚೂರು ನನ್ನ ಕತ್ತರಿಗೆ ಸಿಕ್ಕಿತು. ಅಂದರೆ ಕತ್ತರಿ ಕಾಲ ಕಡೆಯಿಂದ ತಲೆ ಕಡೆಯತನಕ ಬಂತು, ಹೊದೆಯುವ ಕೌದಿ ಇನ್ನಿಲ್ಲ. ನಿಮ್ಮ ಮದುವೆಯ ಹಸಿರು ಇಳಕಲ್ ಸೀರೆಯ ಭಾಗ ಗೋಕಾಕ ರೋಡ್ ಸ್ಟೇಷನ್ನಿನ ಕೆಳಗಿದೆ, ರೈಲು ಎಲ್ಲಕ್ಕಿಂತ ಮೆತ್ತಗೆ ಹೋಗುವುದು ಅಲ್ಲೇ. ತಿರುವಿಗೆ ಬೇಕಾಗುವಷ್ಟನ್ನು ಮುಟ್ಟದೆ ಉಳಿಸಿದ್ದೇನೆ. ಹೊದೆಯಲು ಲಕ್ಕಪ್ಪ ತನ್ನ ಕಂಬಳಿಯಲ್ಲಿ ಅರ್ಧ ಕೊಡುತ್ತಾನೆ, ಅದರ ಚಿಂತೆ ಬೇಡ. ಪೋಸ್ಟಿಗಿಂತ ಬೇಗ ಸಿಗಲೆಂದು ಇದನ್ನು ನಮ್ಮೂರ ಮೇಲೆ ಹೋಗುವ ಮೂಡಲಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಬರುತ್ತೀರೋ ಇಲ್ಲವೋ, ನಾಳೆ ಅದೇ ಬಸ್ಸಿಗೆ ಎರಡು ಸಾಲು ಬರೆದು ಕಳಿಸಿ.